ಮಳೆಯ ಮೊತ್ತ ಇಳಿಯದಿದ್ದರೂ ಕಾವಲಿನ ಹುಲ್ಲು ಏಕೆ ಬದಲಾಗುತ್ತದೆ?

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕು. ಊರಿನ ಪಕ್ಕದ ಅಮೃತಮಹಲ್ ಕಾವಲಿನಲ್ಲಿ, ಅಂದರೆ ದನಗಳ ಮೇವಿಗೆಂದು ಮೀಸಲಿಟ್ಟ ಹಳೆಯ ಹುಲ್ಲುಗಾವಲಿನಲ್ಲಿ, ನಾನು ಚಿಕ್ಕವನಿದ್ದಾಗ ಮೊಣಕಾಲುದ್ದದ, ತೆಂಡೆ ಕಟ್ಟಿ ಬೆಳೆಯುವ ಹುಲ್ಲು ಇತ್ತು. ಈಗ ಅಲ್ಲಿ ಗೇಣುದ್ದದ ಮುಳ್ಳುಬೀಜದ ಹುಲ್ಲು, ನಡುನಡುವೆ ಬೋಳು ನೆಲ, ಅಲ್ಲಲ್ಲಿ ತಂಗಡಿ, ಬಂದರೆ ಮತ್ತು ಬಳ್ಳಾರಿ ಜಾಲಿ ಕಾಣುತ್ತವೆ. ತಾಲ್ಲೂಕಿನ ವಾರ್ಷಿಕ ಮಳೆಯ ಅಂಕಿಗಳಲ್ಲಿ ಅಂಥ ಇಳಿಕೆಯೇನೂ ಇಲ್ಲ. ಆದರೆ ಆಷಾಢದ ಗಾಳಿಗೆ ಕೆಂಪು ಧೂಳು ಹಿಂದಿಗಿಂತ ಹೆಚ್ಚು ಏಳುತ್ತಿದೆ. ಮಳೆ ಮತ್ತು ಗಾಳಿಯ ಬದಲಾವಣೆಯೇ ಇದಕ್ಕೆ ಕಾರಣವೇ? ಕಾವಲಿನಲ್ಲಿ ಮರಗಳನ್ನು ನೆಟ್ಟು ಗಾಳಿ ತಡೆದರೆ ಹಳೆಯ ಹುಲ್ಲು ಮರಳಿ ಬರುವುದೇ?

ಉತ್ತರ: ಒಣ ಹುಲ್ಲುಗಾವಲಿನಲ್ಲಿ ಯಾವ ಸಸ್ಯ ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದು ವರ್ಷದ ಒಟ್ಟು ಮಳೆಗಿಂತ ಹೆಚ್ಚಾಗಿ, ಆ ಮಳೆ ಎಷ್ಟು ಸಲ, ಎಷ್ಟು ಬಿಡುವು ಕೊಟ್ಟು, ಯಾವ ತಿಂಗಳಲ್ಲಿ, ಎಂಥ ಮಣ್ಣಿನ ಮೇಲೆ ಬಿದ್ದಿತು ಎಂಬುದನ್ನು ಅವಲಂಬಿಸಿದೆ. ಗಾಳಿಯ ವಿಷಯವೂ ಹೀಗೆಯೇ. ಅದರ ಸರಾಸರಿ ವೇಗ ಹೆಚ್ಚಿತೇ ಎಂದು ಕೇಳುವುದಕ್ಕಿಂತ, ಅದು ಜೋರಾಗಿ ಬೀಸುವ ವಾರಗಳಲ್ಲಿ ನೆಲಕ್ಕೆ ಹೊದಿಕೆ ಇತ್ತೇ ಎಂದು ಕೇಳುವುದು ಮುಖ್ಯ. ನಿಮ್ಮ ಸೀಮೆಯಲ್ಲಿ ಈ ಎರಡು ಸಂಗತಿಗಳು ಸಂಧಿಸುವುದು ಜೂನ್‌ನಿಂದ ಆಗಸ್ಟ್‌ವರೆಗಿನ ಅವಧಿಯಲ್ಲಿ, ಮತ್ತು ಕಾವಲಿನ ಭವಿಷ್ಯವೂ ಬಹುಪಾಲು ಅಲ್ಲಿಯೇ ನಿರ್ಧಾರವಾಗುತ್ತದೆ ಎಂಬುದು ನನ್ನ ತಿಳಿವಳಿಕೆ.

ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ತಾಲ್ಲೂಕುಗಳು ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿವೆ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸಿನ ಮಳೆ ಬೀಳುವ ಈ ಸೀಮೆ ರಾಜ್ಯದ ಅತ್ಯಂತ ಒಣ ಪ್ರದೇಶಗಳಲ್ಲಿ ಒಂದು. ನೈಋತ್ಯ ಮುಂಗಾರಿನ ಮೋಡಗಳು ತಮ್ಮ ನೀರಿನ ಬಹುಭಾಗವನ್ನು ಘಟ್ಟದಲ್ಲಿಯೇ ಸುರಿಸಿ ಬರುವುದರಿಂದ, ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಇಲ್ಲಿಗೆ ತಲುಪುವುದು ಹೆಚ್ಚಾಗಿ ಗಾಳಿ ಮತ್ತು ತುಂತುರು ಮಾತ್ರ. ಮೇ ತಿಂಗಳ ಗುಡುಗು ಮಳೆಗಳು, ಅಂದರೆ ಕೃತ್ತಿಕೆ ಮತ್ತು ರೋಹಿಣಿ, ವರ್ಷದ ಮೊದಲ ಸಣ್ಣ ಏರಾದರೆ, ಉತ್ತರೆ, ಹಸ್ತ, ಚಿತ್ತೆಗಳು ಬರುವ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳು ಎರಡನೆಯ, ದೊಡ್ಡ ಏರು. ಗಾಳಿಯ ಏರು ಈ ಎರಡರ ನಡುವೆ ಬರುತ್ತದೆ. ಪಶ್ಚಿಮ ಮತ್ತು ನೈಋತ್ಯ ದಿಕ್ಕಿನಿಂದ ಬೀಸುವ ಈ ಗಾಳಿ ಜೂನ್‌ನಿಂದ ಆಗಸ್ಟ್‌ವರೆಗೆ ಅತಿ ಜೋರಾಗಿರುತ್ತದೆ. ಚಿತ್ರದುರ್ಗದ ಗುಡ್ಡಸಾಲಿನಲ್ಲಿ ಮತ್ತು ಗದಗಿನ ಕಪ್ಪತಗುಡ್ಡದಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಈ ಗಾಳಿಯನ್ನು ನಂಬಿಯೇ. ಹೀಗಾಗಿ ನಿಮ್ಮ ಕಾವಲಿನ ನೆಲ ವರ್ಷದ ಅತಿ ಬಿರುಸಾದ ಗಾಳಿಯನ್ನು ಎದುರಿಸುವುದು ಮುಖ್ಯ ಮಳೆ ಬರುವುದಕ್ಕೆ ಮೊದಲು. ಆ ಹೊತ್ತಿನಲ್ಲಿ ಅದರ ಮೇಲೆ ಇರುವ ಹೊದಿಕೆ ಎರಡೇ: ಹಿಂದಿನ ವರ್ಷದ ಒಣ ಹುಲ್ಲಿನ ಕೂಳೆ, ಮತ್ತು ಮೇ ಮಳೆಗೆ ಒಡೆದ ಹೊಸ ಚಿಗುರು. ಇವೆರಡರಲ್ಲಿ ಒಂದು ಇದ್ದರೂ ನೆಲ ತಡೆದುಕೊಳ್ಳುತ್ತದೆ. ಎರಡೂ ಇಲ್ಲದ ವರ್ಷದಲ್ಲಿ ನೀವು ಹೇಳಿದ ಕೆಂಪು ಧೂಳು ಏಳುತ್ತದೆ.

ಈಗ ಮಳೆಯ ಹಂಚಿಕೆ. ಮಧ್ಯ ಭಾರತದ ದೈನಂದಿನ ಮಳೆಯ ದಾಖಲೆಗಳನ್ನು 1951ರಿಂದ 2000ದವರೆಗೆ ಪರಿಶೀಲಿಸಿ 2006ರಲ್ಲಿ ಪ್ರಕಟವಾದ ಅಧ್ಯಯನವು, ಮುಂಗಾರಿನ ಒಟ್ಟು ಮಳೆ ಹೆಚ್ಚು ಬದಲಾಗದಿದ್ದರೂ ಭಾರಿ ಮಳೆಯ ಘಟನೆಗಳು ಹೆಚ್ಚಾಗಿ ಸಾಧಾರಣ ಮಳೆಯ ಘಟನೆಗಳು ಕಡಿಮೆಯಾಗಿವೆ ಎಂದು ತೋರಿಸಿತು. ಆ ಅಧ್ಯಯನದ ಪ್ರದೇಶ ನಿಮ್ಮ ತಾಲ್ಲೂಕಲ್ಲ, ಆದ್ದರಿಂದ ಅದರ ಅಂಕಿಗಳನ್ನು ಇಲ್ಲಿಗೆ ನೇರವಾಗಿ ಹೊರಿಸಬಾರದು. ಆದರೆ ವರ್ಷದ ಮೊತ್ತ ಇದ್ದಷ್ಟೇ ಇದ್ದು ಒಳಗಿನ ಹಂಚಿಕೆ ಬೇರೆಯಾಗಬಹುದು ಎಂಬುದಕ್ಕೆ ಅದು ಸ್ಪಷ್ಟ ನಿದರ್ಶನ. ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತವನ್ನಂತೂ ನೀವೇ ಕಂಡಿದ್ದೀರಿ. 1933ರ ನಂತರ ಮೊದಲ ಬಾರಿಗೆ ವಾಣಿವಿಲಾಸ ಸಾಗರ ಕೋಡಿ ಬಿದ್ದದ್ದು 2022ರಲ್ಲಿ. ಅದರ ಮರುವರ್ಷವೇ, 2023ರಲ್ಲಿ, ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಇಂಥ ಎರಡು ವರ್ಷಗಳ ಸರಾಸರಿ ತೆಗೆದರೆ ಕಾಗದದ ಮೇಲೆ ಒಂದು ಒಳ್ಳೆಯ ವರ್ಷ ಸಿಗುತ್ತದೆ, ಆದರೆ ಹುಲ್ಲು ಆ ಸರಾಸರಿಯಲ್ಲಿ ಬದುಕುವುದಿಲ್ಲ.

ಮೊತ್ತವನ್ನು ಹಾಗೆಯೇ ಉಳಿಸಿ ಹಂಚಿಕೆಯನ್ನು ಮಾತ್ರ ಬದಲಿಸಿದರೆ ಏನಾಗುತ್ತದೆ ಎಂಬುದನ್ನು ನೇರ ಪ್ರಯೋಗಗಳಿಂದಲೇ ತಿಳಿಯಲು ಸಾಧ್ಯವಾಗಿದೆ. ಅಮೆರಿಕದ ಕ್ಯಾನ್ಸಸ್‌ನ ಕೊಂಜಾ ಹುಲ್ಲುಗಾವಲಿನಲ್ಲಿ 1990ರ ದಶಕದ ಕೊನೆಯಲ್ಲಿ ಪಾರದರ್ಶಕ ಚಾವಣಿಗಳನ್ನು ಕಟ್ಟಿ, ಬಿದ್ದ ಮಳೆಯ ನೀರನ್ನು ಹಿಡಿದಿಟ್ಟು, ಕಡಿಮೆ ಸಲ ಆದರೆ ಹೆಚ್ಚು ಹೆಚ್ಚಾಗಿ ಅದೇ ನೆಲಕ್ಕೆ ಉಣಿಸಲಾಯಿತು. ಒಟ್ಟು ನೀರು ಒಂದು ಹನಿಯೂ ಕಡಿಮೆಯಾಗದಿದ್ದರೂ ಹುಲ್ಲಿನ ಇಳುವರಿ ಸುಮಾರು ಶೇಕಡ 10ರಷ್ಟು ಇಳಿಯಿತು, ಮತ್ತು ಅಲ್ಲಿ ಮೇಲುಗೈ ಪಡೆದಿದ್ದ ಎತ್ತರದ ಹುಲ್ಲುಗಳ ಹಿಡಿತ ಸಡಿಲಗೊಂಡು ಇತರ ಸಸ್ಯಗಳ ವೈವಿಧ್ಯ ಹೆಚ್ಚಾಯಿತು. ಆದರೆ ಅದಕ್ಕಿಂತ ಬಹಳ ಒಣದಾದ, ಪಶ್ಚಿಮದ ಕುಳ್ಳುಹುಲ್ಲಿನ ಬಯಲಿನಲ್ಲಿ ಇದೇ ಬಗೆಯ ಪ್ರಯೋಗ ನಡೆಸಿದಾಗ ಇಳುವರಿ ಇಳಿಯುವ ಬದಲು ಏರಿತು. ಮೇಲ್ನೋಟಕ್ಕೆ ಇವು ಒಂದಕ್ಕೊಂದು ವಿರುದ್ಧವೆನಿಸಿದರೂ ಕಾರಣ ಒಂದೇ ಆಗಿದೆ. ತೇವವಾದ ಬಯಲಿನಲ್ಲಿ ಮಣ್ಣು ಸಾಮಾನ್ಯವಾಗಿ ಹಸಿಯಾಗಿಯೇ ಇರುತ್ತದೆ, ಅಲ್ಲಿ ಮಳೆಗಳ ನಡುವಿನ ಬಿಡುವು ಹೆಚ್ಚಿದರೆ ಸಸ್ಯಕ್ಕೆ ಹೊಸದಾಗಿ ಬಾಯಾರಿಕೆ ಉಂಟಾಗುತ್ತದೆ. ಒಣ ಬಯಲಿನಲ್ಲಾದರೋ ಮಣ್ಣು ಸದಾ ಒಣಗಿರುವುದೇ ರೂಢಿ. ಅಲ್ಲಿ ಐದು ಮಿಲಿಮೀಟರಿನ ಸಣ್ಣ ಮಳೆ ಮೇಲ್ಮಣ್ಣನ್ನು ನೆನೆಸಿ ಮರುದಿನದ ಬಿಸಿಲಿಗೆ ಆವಿಯಾಗಿ ಹೋಗುತ್ತದೆ, ಆದರೆ ಮೂವತ್ತು ಮಿಲಿಮೀಟರಿನ ಮಳೆ ಆವಿಗೆ ಸಿಗದ ಆಳಕ್ಕೆ ಇಳಿದು ಬೇರಿಗೆ ವಾರಗಟ್ಟಲೆ ಒದಗುತ್ತದೆ.

ಹಾಗಾದರೆ ದೊಡ್ಡ ಮಳೆ ನಿಮ್ಮ ಕಾವಲಿಗೆ ಒಳ್ಳೆಯದೇ ಅಲ್ಲವೇ ಎಂದು ನೀವು ಕೇಳಬಹುದು. ಆಳಕ್ಕೆ ಇಳಿದ ನೀರು ಯಾರ ಪಾಲಾಗುತ್ತದೆ ಎಂಬುದನ್ನು ನೋಡಬೇಕಾಗುತ್ತದೆ. ಹುಲ್ಲಿನ ಬೇರು ದಟ್ಟವಾಗಿದ್ದರೂ ಹೆಚ್ಚಾಗಿ ಮೇಲಿನ ಒಂದೆರಡು ಅಡಿಯಲ್ಲಿ ಹರಡಿರುತ್ತದೆ, ಪೊದೆ ಮತ್ತು ಮರಗಳ ಬೇರು ಅದರ ಕೆಳಗೂ ಇಳಿಯುತ್ತದೆ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಮಳೆಯ ಮೊತ್ತವನ್ನು ಬದಲಿಸದೆ ಅದರ ತೀವ್ರತೆಯನ್ನು ಮಾತ್ರ ಹೆಚ್ಚಿಸಿದ ಪ್ರಯೋಗದಲ್ಲಿ ನೀರು ಹೆಚ್ಚು ಆಳಕ್ಕೆ ಇಳಿದು, ಮರಪೊದೆಗಳ ಬೆಳವಣಿಗೆ ಹೆಚ್ಚಿ, ಹುಲ್ಲಿನದು ಕುಗ್ಗಿತು. ನ್ಯೂ ಮೆಕ್ಸಿಕೋದ ಹೊರ್ನಾಡಾ ಸಂಶೋಧನಾ ಕ್ಷೇತ್ರದಲ್ಲಿ ಆರು ವರ್ಷಗಳ ಕಾಲ ವರ್ಷದಿಂದ ವರ್ಷಕ್ಕೆ ಮಳೆಯ ಏರಿಳಿತವನ್ನು ಕೃತಕವಾಗಿ ಹೆಚ್ಚಿಸಿದಾಗಲೂ ಇದೇ ದಿಕ್ಕಿನ ಫಲಿತಾಂಶ ಬಂದಿತು: ಹುಲ್ಲಿನ ಇಳುವರಿ ಇಳಿಯಿತು, ಪೊದೆಗಳದು ಏರಿತು. ಬಳ್ಳಾರಿ ಜಾಲಿಯ ಹತ್ತಿರದ ಸಂಬಂಧಿಯೊಂದರ ಬೇರು ಅಮೆರಿಕದ ಅರಿಜೋನಾದ ಗಣಿಯೊಂದರಲ್ಲಿ ಐವತ್ತು ಮೀಟರಿಗೂ ಹೆಚ್ಚು ಆಳದಲ್ಲಿ ಕಂಡುಬಂದಿತ್ತು ಎಂಬುದನ್ನು ನೆನೆದರೆ, ಆಳದ ನೀರಿನ ಪೈಪೋಟಿಯಲ್ಲಿ ಹುಲ್ಲಿಗೆ ಗೆಲುವು ಎಷ್ಟು ಕಷ್ಟವೆಂಬುದು ತಿಳಿಯುತ್ತದೆ. ಗಾಳಿಯಲ್ಲಿ ಹೆಚ್ಚುತ್ತಿರುವ ಇಂಗಾಲದ ಡೈಆಕ್ಸೈಡ್ ಕೂಡ ದ್ಯುತಿಸಂಶ್ಲೇಷಣೆಯ ಬಗೆಯಿಂದಾಗಿ ಬಿಸಿನಾಡಿನ ಹುಲ್ಲುಗಳಿಗಿಂತ ಪೊದೆಗಳಿಗೇ ಹೆಚ್ಚು ನೆರವಾಗುತ್ತದೆ. ಇದರೊಂದಿಗೆ ಜಾಲಿಯಂಥ ಗಿಡಗಳ ಸಸಿಗಳು ನೆಲೆಯೂರಲು ಒಂದರ ಹಿಂದೊಂದು ಬರುವ ಒಳ್ಳೆಯ ಮಳೆಗಾಲಗಳು ಬೇಕಾಗುತ್ತವೆ. ಒಮ್ಮೆ ಬೇರು ಇಳಿಯಿತೆಂದರೆ ಮುಂದಿನ ಬರ ಅವನ್ನು ಸುಲಭವಾಗಿ ಅಲುಗಿಸುವುದಿಲ್ಲ. ನಿಮ್ಮ ಕಾವಲಿನ ಜಾಲಿ ಗಿಡಗಳಲ್ಲಿ ಹಲವು ಒಂದೇ ವಯಸ್ಸಿನವಾಗಿ ಕಂಡರೆ ಕಾರಣ ಬಹುಶಃ ಇದೇ.

ಮಣ್ಣಿನ ವಿಚಾರ ಇಲ್ಲಿ ಬಹಳ ಮುಖ್ಯ, ಆದರೆ ಸಾಮಾನ್ಯವಾಗಿ ಕಡೆಗಣಿತವಾಗುತ್ತದೆ. ದಖ್ಖನ್ ಪ್ರಸ್ಥಭೂಮಿಯ ಹುಲ್ಲುಗಾವಲುಗಳನ್ನು ಸಸ್ಯವಿಜ್ಞಾನಿಗಳು ಸೆಹೀಮಾ–ಡೈಕ್ಯಾಂಥಿಯಂ ವರ್ಗಕ್ಕೆ ಸೇರಿಸುತ್ತಾರೆ. ಸೆಹೀಮಾ ನರ್ವೋಸಂ ನೀರು ಬಸಿದುಹೋಗುವ ಗರಸು ನೆಲವನ್ನು, ಇಳಿಜಾರನ್ನು ಮೆಚ್ಚುತ್ತದೆ. ಡೈಕ್ಯಾಂಥಿಯಂ ಆನುಲೇಟಂ ಆಳವಾದ, ಸಮತಟ್ಟಾದ ಎರೆ ನೆಲವನ್ನು ಮೆಚ್ಚುತ್ತದೆ. ಎರೆಮಣ್ಣು ಹೆಚ್ಚು ನೀರು ಹಿಡಿಯುತ್ತದೆ ನಿಜ, ಆದರೆ ಒಣ ಸೀಮೆಯಲ್ಲಿ ಅದೇ ಒಂದು ತೊಡಕಾಗುತ್ತದೆ. ಸಣ್ಣ ಮಳೆಯ ನೀರು ಅದರ ಮೇಲ್ಪದರದಲ್ಲಿಯೇ ನಿಂತು ಆವಿಯಾಗುತ್ತದೆ, ಉಳಿದದ್ದನ್ನೂ ಜೇಡಿಯ ಕಣಗಳು ಬೇರಿಗೆ ಬಿಟ್ಟುಕೊಡದಷ್ಟು ಬಿಗಿಯಾಗಿ ಹಿಡಿದಿಡುತ್ತವೆ. ಮಸಾರಿ (ಮರಳುಮಿಶ್ರಿತ ಕೆಂಪು ಮಣ್ಣು) ಮತ್ತು ಗರಸು ನೆಲಗಳಲ್ಲಿ ಅಷ್ಟೇ ಮಳೆ ಬೇಗ ಕೆಳಗಿಳಿದು ಬಿಸಿಲಿನಿಂದ ಪಾರಾಗುತ್ತದೆ. ಆದ್ದರಿಂದ ಮಳೆ ದೊಡ್ಡ ದೊಡ್ಡ ಕಂತುಗಳಲ್ಲಿ ಬರತೊಡಗಿದರೆ ಎರೆ ನೆಲದ ಹುಲ್ಲಿಗೆ ಸ್ವಲ್ಪ ಅನುಕೂಲವೇ ಆಗಬಹುದು, ಮಸಾರಿ ನೆಲದಲ್ಲಿ ಆ ನೀರು ಹುಲ್ಲಿನ ಬೇರನ್ನು ದಾಟಿ ಪೊದೆಗಳಿಗೆ ಸೇರಬಹುದು. ಇಲ್ಲಿ ಇನ್ನೊಂದು ಷರತ್ತಿದೆ. ಬೋಳಾದ ಮಸಾರಿ ನೆಲದ ಮೇಲೆ ಬಿರುಸಾದ ಮಳೆ ಬಿದ್ದಾಗ ಹನಿಗಳ ಹೊಡೆತಕ್ಕೆ ಮಣ್ಣಿನ ಹೆಂಟೆ ಒಡೆದು, ನುಣುಪು ಕಣಗಳು ರಂಧ್ರಗಳನ್ನು ಮುಚ್ಚಿ, ಮೇಲೊಂದು ಗಟ್ಟಿ ಹೆಪ್ಪು ಕಟ್ಟುತ್ತದೆ. ಆಮೇಲಿನ ನೀರು ಇಂಗುವುದಿಲ್ಲ, ಹರಿದು ಹಳ್ಳ ಸೇರುತ್ತದೆ. ಹುಲ್ಲಿನ ತೆಂಡೆಯ ಬುಡದಲ್ಲಿ ಮಾತ್ರ ಬೇರು ಮತ್ತು ಗೆದ್ದಲು ಮಾಡಿದ ದಾರಿಗಳಿಂದ ನೀರು ಒಳಗಿಳಿಯುತ್ತದೆ. ಅಂದರೆ ಹುಲ್ಲಿರುವ ಕಡೆ ದೊಡ್ಡ ಮಳೆ ಉಪಕಾರಿಯಾದರೆ, ಅದೇ ಮಳೆ ಹುಲ್ಲಿಲ್ಲದ ಕಡೆ ಮಣ್ಣನ್ನೂ ಬೀಜವನ್ನೂ ಕೊಚ್ಚಿಕೊಂಡು ಹೋಗುತ್ತದೆ.

ಬಹುವಾರ್ಷಿಕ ಹುಲ್ಲುಗಳಿಗೆ ಎಲ್ಲಕ್ಕಿಂತ ಹೆಚ್ಚು ಪೆಟ್ಟು ಕೊಡುವುದು ಮೇ ಮಳೆಯ ನಂತರದ ದೀರ್ಘ ಬಿಡುವು. ಕೃತ್ತಿಕೆಯ ಒಂದು ಒಳ್ಳೆಯ ಮಳೆಗೆ ತೆಂಡೆಯ ಬುಡದ ಮೊಗ್ಗುಗಳು ಒಡೆಯುತ್ತವೆ. ಆ ಚಿಗುರನ್ನು ಹುಲ್ಲು ಬುಡದಲ್ಲಿ ಕೂಡಿಟ್ಟ ಪಿಷ್ಟ ಮತ್ತು ಸಕ್ಕರೆಯಿಂದ ಕಟ್ಟುತ್ತದೆ. ಚಿಗುರು ಬಲಿತು ಎಲೆಯಾಗಿ ಬಿಸಿಲಿನಲ್ಲಿ ದುಡಿದಾಗ ಮಾತ್ರ ಆ ಸಾಲ ತೀರುತ್ತದೆ. ಚಿಗುರಿದ ಹತ್ತಿಪ್ಪತ್ತು ದಿನಗಳಲ್ಲಿ ಮತ್ತೆ ಮಳೆಯಾಗದೆ, ಒಣ ಗಾಳಿ ಎಲೆಯ ತೇವವನ್ನು ಎಳೆದುಕೊಂಡು, ಹಸಿದ ದನ ಕುರಿಗಳು ಆ ಚಿಗುರನ್ನೇ ಕಚ್ಚಿದರೆ ಬುಡ ಬರಿದಾಗುತ್ತದೆ. ಹೀಗೆ ಎರಡು ಮೂರು ವರ್ಷ ನಡೆದರೆ ತೆಂಡೆ ನಡುವಿನಿಂದ ಸಾಯುತ್ತಾ ಹೋಗುತ್ತದೆ. ವಾರ್ಷಿಕ ಹುಲ್ಲುಗಳಿಗೆ ಈ ಅಪಾಯ ಕಡಿಮೆ. ಮೊದಲ ಮಳೆಗೆ ಮೊಳೆತ ಸಸಿಗಳು ಒಣಗಿದರೂ ಮಣ್ಣಿನಲ್ಲಿ ಉಳಿದ ಬೀಜಗಳು ಹಸ್ತ, ಚಿತ್ತೆಗೆ ಮೊಳೆತು, ಕೆಲವೇ ವಾರಗಳಲ್ಲಿ ತೆನೆ ಕಟ್ಟಿ ಬೀಜ ಉದುರಿಸಿಬಿಡುತ್ತವೆ. ನೀವು ಹೇಳಿದ ಗೇಣುದ್ದದ ಮುಳ್ಳುಬೀಜದ ಹುಲ್ಲು ಬಹುಶಃ ಅರಿಸ್ಟಿಡಾ ಕುಲದ್ದು. ಸೆಹೀಮಾ ಮತ್ತು ಡೈಕ್ಯಾಂಥಿಯಂ ಸೋತಲ್ಲಿ ಮೊದಲು ಹೆಟೆರೊಪೋಗಾನ್, ಕ್ರೈಸೊಪೋಗಾನ್ ಮುಂದಾಗಿ, ಅವೂ ಸೋತಮೇಲೆ ಅರಿಸ್ಟಿಡಾ ಮತ್ತು ಟ್ರಾಗಸ್‌ನಂಥ ಚಿಕ್ಕ ಹುಲ್ಲುಗಳು ಉಳಿಯುವುದು ದಖ್ಖನ್‌ನ ಹುಲ್ಲುಗಾವಲುಗಳಲ್ಲಿ ಪದೇ ಪದೇ ಗುರುತಿಸಲಾದ ಇಳಿಕೆಯ ಕ್ರಮ. ಬಟ್ಟೆಗೆ, ಕುರಿಯ ಉಣ್ಣೆಗೆ ಚುಚ್ಚಿಕೊಳ್ಳುವ ಹೆಟೆರೊಪೋಗಾನ್ ಕಂಟಾರ್ಟಸ್ ಇನ್ನೂ ಅಲ್ಲಿದ್ದರೆ ಅದನ್ನು ಶುಭಸೂಚನೆಯೆಂದೇ ತಿಳಿಯಿರಿ. ಅದರ ಬೀಜದ ಉದ್ದ ಬಾಲ ತೇವ ತಗುಲಿದಾಗ ಬಿಚ್ಚಿಕೊಂಡು ಒಣಗಿದಾಗ ಸುತ್ತಿಕೊಳ್ಳುತ್ತಾ ಬೀಜವನ್ನು ತಾನಾಗಿಯೇ ಮಣ್ಣಿಗೆ ಕೊರೆದು ಇಳಿಸುತ್ತದೆ. ತುಂತುರು ಮತ್ತು ಬಿಸಿಲು ಒಂದರ ಹಿಂದೊಂದು ಬರುವ ನಿಮ್ಮ ಆಷಾಢಕ್ಕೆ ಹೇಳಿ ಮಾಡಿಸಿದ ವಿಧಾನ ಅದು. ಆದರೆ ಅದಕ್ಕೂ ಸಡಿಲವಾದ ಮೇಲ್ಮಣ್ಣು ಬೇಕು. ಹೆಪ್ಪುಗಟ್ಟಿದ ನೆಲದಲ್ಲಿ ಬೀಜ ಮೇಲೆಯೇ ಬಿದ್ದಿದ್ದು ಗಾಳಿಗೆ ಹಾರಿಹೋಗುತ್ತದೆ.

ಗಾಳಿಯ ವೇಗ ಹೆಚ್ಚಿದೆ ಎಂದು ನಾನು ಹೇಳುವುದಿಲ್ಲ. ಉತ್ತರ ಗೋಳಾರ್ಧದ ಮಧ್ಯ ಅಕ್ಷಾಂಶಗಳ ಹವಾಮಾನ ಕೇಂದ್ರಗಳಲ್ಲಿ 1979ರಿಂದ 2008ರವರೆಗೆ ನೆಲಮಟ್ಟದ ಗಾಳಿಯ ವೇಗ ಶೇಕಡ 5ರಿಂದ 15ರಷ್ಟು ಇಳಿದಿದ್ದು, 2010ರ ಆಸುಪಾಸಿನಿಂದ ಜಾಗತಿಕವಾಗಿ ಅದು ಮತ್ತೆ ಏರತೊಡಗಿತೆಂಬ ಸಂಗತಿ ದಾಖಲಾಗಿದೆ. ನಿಮ್ಮ ಕಾವಲಿನ ಧೂಳಿಗೆ ಈ ಸರಾಸರಿಗಳಿಂದ ಉತ್ತರ ಸಿಗದು. ಗಾಳಿ ಒಂದು ಮಿತಿಯನ್ನು ದಾಟುವವರೆಗೆ ಮಣ್ಣಿನ ಕಣಗಳು ಅಲುಗುವುದಿಲ್ಲ. ದಾಟಿದ ಮೇಲೆ ಸಾಗುವ ಮಣ್ಣಿನ ಪ್ರಮಾಣ ಹೆಚ್ಚುಕಡಿಮೆ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ವೇಗ ಇಮ್ಮಡಿಯಾದರೆ ಮಣ್ಣು ಎಂಟು ಪಟ್ಟು. ಆ ಮಿತಿ ಎಷ್ಟೆಂಬುದನ್ನು ನಿರ್ಧರಿಸುವುದು ನೆಲದ ತೇವ ಮತ್ತು ಹೊದಿಕೆ. ಒಂದು ತೆಂಡೆ ತನ್ನ ಎತ್ತರದ ಹಲವು ಪಟ್ಟು ದೂರದವರೆಗೆ ಹಿಂಬದಿಯ ನೆಲಕ್ಕೆ ಗಾಳಿಯ ಮರೆ ಕೊಡುತ್ತದೆ. ತೆಂಡೆಗಳು ಹತ್ತಿರ ಹತ್ತಿರವಿದ್ದರೆ ಮರೆಗಳು ಒಂದಕ್ಕೊಂದು ಕೂಡಿಕೊಂಡು ಗಾಳಿ ನೆಲ ಮುಟ್ಟುವುದೇ ಇಲ್ಲ. ನಡುವಿನ ಕೆಲವು ತೆಂಡೆಗಳು ಸತ್ತು ಗಾಳಿಯ ದಿಕ್ಕಿನಲ್ಲಿಯೇ ಉದ್ದನೆಯ ಬೋಳು ದಾರಿಗಳು ತೆರೆದುಕೊಂಡರೆ, ಒಟ್ಟು ಹುಲ್ಲಿನ ಪ್ರಮಾಣ ಸ್ವಲ್ಪವೇ ಇಳಿದಿದ್ದರೂ ಮಣ್ಣಿನ ಸಾಗಾಟ ಒಮ್ಮೆಲೇ ಶುರುವಾಗುತ್ತದೆ. ಸರಾಸರಿ ಮಳೆಯಂತೆಯೇ ಸರಾಸರಿ ಹೊದಿಕೆಯೂ ದಾರಿ ತಪ್ಪಿಸುವ ಅಳತೆ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಹಾಗೆ ಹೊರಟ ಮಣ್ಣು ಗಿಡಗಳ ಸಮುದಾಯವನ್ನು ಮೂರು ಬಗೆಯಲ್ಲಿ ಬದಲಿಸುತ್ತದೆ. ನೆಲದ ಮೇಲೆ ಕುಪ್ಪಳಿಸುತ್ತಾ ಸಾಗುವ ಮರಳಿನ ಕಣಗಳು ಎಳೆಯ ಎಲೆಗಳನ್ನು ಉಜ್ಜಿ ಗಾಯ ಮಾಡುತ್ತವೆ, ಗಾಳಿಯ ಕೆಳದಿಕ್ಕಿನಲ್ಲಿರುವ ಗಿಡ್ಡ ಹುಲ್ಲುಗಳ ಬುಡವನ್ನು ಹೂಳುತ್ತವೆ. 1930ರ ದಶಕದ ಬರದಲ್ಲಿ ಅಮೆರಿಕದ ಬಯಲುಗಳಲ್ಲಿ ಬಾಯಾರಿಕೆಯಿಂದ ಸತ್ತ ಹುಲ್ಲಿನ ಜೊತೆಗೆ ಧೂಳಿನಡಿ ಹೂತು ಸತ್ತ ಹುಲ್ಲನ್ನೂ ಅಲ್ಲಿನ ಸಸ್ಯವಿಜ್ಞಾನಿಗಳಾದ ವೀವರ್ ಮತ್ತು ಆಲ್ಬರ್ಟ್‌ಸನ್ ದಾಖಲಿಸಿದ್ದಾರೆ. ಎರಡನೆಯದಾಗಿ, ಗಾಳಿ ಮೊದಲು ಎತ್ತಿಕೊಂಡು ಹೋಗುವುದು ಅತಿ ನುಣುಪಾದ ಕಣಗಳನ್ನು, ಮತ್ತು ಸಾರಜನಕ, ರಂಜಕ, ಸಾವಯವ ಇಂಗಾಲ ಅಂಟಿಕೊಂಡಿರುವುದು ಆ ಕಣಗಳಿಗೇ. ಉಳಿಯುವುದು ಗರಸು. ಮೂರನೆಯದು, ಹಾರಿದ ಮಣ್ಣು, ತರಗು, ಬೀಜಗಳಲ್ಲಿ ಒಂದಷ್ಟು ಪಾಲು ಪೊದೆಯ ಬುಡದಲ್ಲಿ ತಡೆದು ನಿಲ್ಲುವುದರಿಂದ ಪೊದೆಯಡಿ ಫಲವತ್ತಾದ ದಿಬ್ಬ ಬೆಳೆಯುತ್ತದೆ, ಅದರ ಸುತ್ತ ನೆಲ ಬಡವಾಗುತ್ತದೆ. ಹುಲ್ಲು ಹರಡಿಟ್ಟಿದ್ದ ಗೊಬ್ಬರವನ್ನು ಗಾಳಿ ಹೀಗೆ ಬಾಚಿ ಪೊದೆಗಳ ಬುಡಕ್ಕೆ ಸುರಿಯುತ್ತದೆ. ಒಮ್ಮೆ ಈ ಹಂತ ತಲುಪಿದ ಮೇಲೆ ಒಳ್ಳೆಯ ಮಳೆಯ ವರ್ಷ ಬಂದರೂ ಲಾಭ ಪೊದೆಗೇ ಸೇರುವುದರಿಂದ, ಮಳೆ ಸುಧಾರಿಸಿದಾಕ್ಷಣ ಹುಲ್ಲು ತಾನಾಗಿ ಮರಳುತ್ತದೆ ಎಂದು ಕಾಯುವುದು ಸರಿಯಲ್ಲ.

ಮೇಯಿಸುವಿಕೆಯ ಪಾತ್ರವನ್ನು ಬಿಟ್ಟು ಮಳೆ ಗಾಳಿಗಳನ್ನಷ್ಟೇ ದೂರುವುದು ಅಪ್ರಾಮಾಣಿಕವಾಗುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದಾದ ವ್ಯವಸ್ಥೆಯಲ್ಲಿ ಕಾವಲುಗಳನ್ನು ಬೇಸಿಗೆಯ, ಮಳೆಗಾಲದ ಮತ್ತು ಚಳಿಗಾಲದ ಕಾವಲುಗಳೆಂದು ವಿಂಗಡಿಸಲಾಗಿತ್ತು, ದನಗಳು ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಸಾಗುತ್ತಿದ್ದವು. ಹೀಗಾಗಿ ಪ್ರತಿಯೊಂದು ಕಾವಲಿಗೂ ವರ್ಷದಲ್ಲಿ ಕೆಲವು ತಿಂಗಳ ಬಿಡುವು ಸಿಗುತ್ತಿತ್ತು. ನಿಮ್ಮ ಸೀಮೆಯ ಮ್ಯಾಸನಾಯಕರು, ಗೊಲ್ಲರು, ಕುರುಬರು ತಮ್ಮ ಮಂದೆಗಳನ್ನು ಮಳೆ ಬಿದ್ದ ದಿಕ್ಕಿಗೆ ಹೊಡೆದುಕೊಂಡು ಹೋಗುತ್ತಿದ್ದದ್ದೂ ಇದೇ ಕೆಲಸ ಮಾಡುತ್ತಿತ್ತು. ಚಳ್ಳಕೆರೆಯ ಸುತ್ತ ಕಾವಲಿನ ಸಾವಿರಾರು ಎಕರೆ ಬೇರೆ ಉದ್ದೇಶಗಳಿಗೆ ಹೋದ ಮೇಲೆ ಉಳಿದ ನೆಲದ ಮೇಲೆ ವರ್ಷವಿಡೀ ಮಂದೆ ನಿಲ್ಲುವಂತಾಗಿದೆ. ಮೊದಲಾದರೆ ಒಂದು ಕೆಟ್ಟ ಮೇ ತಿಂಗಳನ್ನು ಹಿಂದಿನ ವರ್ಷದ ಕೂಳೆಯ ಬಲದಿಂದ ದಾಟುತ್ತಿದ್ದ ನೆಲಕ್ಕೆ ಈಗ ಆ ಕೂಳೆಯೇ ಉಳಿದಿಲ್ಲ. ಬದಲಾದ ಮಳೆ ಅದೇ ನೆಲದ ಮೇಲೆ ಹೆಚ್ಚು ಕ್ರೂರವಾಗಿ ಎರಗುತ್ತಿರುವಂತೆ ಕಾಣಲು ಇದೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ.

ಮರ ನೆಡುವ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿ ಬೇಡವೆಂದೇ. ಹೊಲದ ಬದುಗಳಲ್ಲಿ ಕಮರದಂಥ ಊರ ಮರಗಳ ಸಾಲು ಗಾಳಿ ತಡೆಯಲು ಉಪಯುಕ್ತ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಕಾವಲಿನ ನಡುವೆ ಗುಂಡಿ ತೋಡಿ ಸಸಿ ನೆಟ್ಟರೆ, ಇದ್ದ ಹುಲ್ಲಿನ ಬೇರು ಕಿತ್ತು ಮಣ್ಣು ಸಡಿಲವಾಗುವುದು ಮೊದಲ ನಷ್ಟ, ಆಳದ ನೀರಿಗೆ ಇನ್ನೊಬ್ಬ ಪಾಲುದಾರನನ್ನು ತಂದು ಕೂರಿಸುವುದು ಎರಡನೆಯದು. ಕೃಷ್ಣಮೃಗಗಳಿಗಾಗಿ 1974ರಲ್ಲಿ ಘೋಷಿಸಿದ ರಾಣೆಬೆನ್ನೂರು ಅಭಯಾರಣ್ಯದ ಬಹುಭಾಗವನ್ನು ನೀಲಗಿರಿ ನೆಡುತೋಪು ಆವರಿಸಿದ್ದನ್ನು ನೋಡಿದವರಿಗೆ, ಬಯಲನ್ನು ಕಾಡಾಗಿಸುವ ಉತ್ಸಾಹ ಬಯಲಿನ ಜೀವಿಗಳಿಗೆ ಏನು ಮಾಡುತ್ತದೆ ಎಂದು ವಿವರಿಸಬೇಕಾಗಿಲ್ಲ.

ನಿಮ್ಮೂರಿನವರು ಸೇರಿ ಮಾಡಬಹುದಾದ ಕೆಲಸಗಳಿವೆ. ಕಾವಲಿನ ಒಂದು ಪಾಲನ್ನು, ನಾಲ್ಕನೆಯ ಒಂದು ಭಾಗವಾದರೂ ಸರಿ, ಮೇ ಮಳೆಯಿಂದ ಹುಲ್ಲು ಬೀಜ ಉದುರಿಸುವ ನವೆಂಬರ್‌ವರೆಗೆ ಮೇಯಿಸದೆ ಬಿಡಿ, ಮರುವರ್ಷ ಇನ್ನೊಂದು ಪಾಲನ್ನು ಬಿಡಿ. ಮೇಯಿಸಿದ ಕಡೆಯೂ ಬೇಸಿಗೆಯ ಕೊನೆಗೆ ಒಂದು ಗೇಣು ಕೂಳೆ ನಿಂತಿರುವಂತೆ ನೋಡಿಕೊಳ್ಳಿ, ಬೇಸಿಗೆಯಲ್ಲಿ ಬೆಂಕಿ ಹಾಕಬೇಡಿ. ಆ ಕೂಳೆಯೇ ಆಷಾಢದ ಗಾಳಿಯಿಂದ ನೆಲವನ್ನು ಕಾಯುವುದು. ಬಳ್ಳಾರಿ ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಅದು ಹತ್ತು ಕವಲಾಗಿ ಚಿಗುರುತ್ತದೆ. ಬುಡದ ಸುತ್ತ ಅಗೆದು ನೆಲದಿಂದ ಒಂದು ಅಡಿ ಕೆಳಗೆ, ಮೊಗ್ಗುಗಳಿರುವ ಭಾಗದ ಕೆಳಕ್ಕೆ, ಬೇರನ್ನು ಕತ್ತರಿಸಬೇಕು. ಇದನ್ನು ಇಡೀ ಕಾವಲಿನಲ್ಲಿ ಒಮ್ಮೆಲೇ ಮಾಡದೆ, ಹುಲ್ಲು ಇನ್ನೂ ಉಳಿದಿರುವ ಜಾಗದಿಂದ ಆರಂಭಿಸಿ ಹೊರಕ್ಕೆ ಸಾಗಿ, ಏಕೆಂದರೆ ಬೋಳು ನೆಲದ ಪೊದೆಯನ್ನು ತೆಗೆದರೆ ಅಲ್ಲಿ ನಿಂತಿದ್ದ ಮಣ್ಣೂ ಹಾರಿಹೋಗುತ್ತದೆ. ಕಡಿದ ಕೊಂಬೆಗಳನ್ನು ಕಾಯಿಗಳಿಲ್ಲದಂತೆ ಸವರಿ, ಬೋಳು ನೆಲದ ಮೇಲೆ ಉತ್ತರ ದಕ್ಷಿಣವಾಗಿ, ಗಾಳಿಗೆ ಅಡ್ಡವಾಗಿ, ಮೊಣಕಾಲಿನಷ್ಟು ಎತ್ತರಕ್ಕೆ ಬಿಟ್ಟು ಬಿಟ್ಟು ಹರಡಿರಿ. ಹೊರ್ನಾಡಾದಲ್ಲಿ ಸಣ್ಣ ತಂತಿಜಾಲರಿಗಳನ್ನು ಬೋಳು ನೆಲದಲ್ಲಿ ನಿಲ್ಲಿಸಿದಾಗ ತರಗು, ಮಣ್ಣು ಮತ್ತು ಬೀಜಗಳು ಅವುಗಳ ಬುಡದಲ್ಲಿ ತಂಗಿ, ಮಳೆ ಒದಗಿದ ವರ್ಷಗಳಲ್ಲಿ ಬಹುವಾರ್ಷಿಕ ಹುಲ್ಲು ಅಲ್ಲಿಂದಲೇ ಮರಳಿತು. ಮುಳ್ಳುಕೊಂಬೆ ಅದೇ ಕೆಲಸವನ್ನು ಖರ್ಚಿಲ್ಲದೆ ಮಾಡುತ್ತದೆ, ಜೊತೆಗೆ ಎಳೆಯ ಹುಲ್ಲನ್ನು ಕುರಿಯ ಬಾಯಿಂದಲೂ ಕಾಯುತ್ತದೆ.

ಫಲಿತಾಂಶವನ್ನು ಅಳೆಯಲು ಉಪಕರಣಗಳೇನೂ ಬೇಕಾಗಿಲ್ಲ. ಮೂವತ್ತು ಮೀಟರಿನ ಹಗ್ಗವೊಂದನ್ನು ಪಶ್ಚಿಮದಿಂದ ಪೂರ್ವಕ್ಕೆ, ಗಾಳಿ ಬೀಸುವ ದಿಕ್ಕಿನಲ್ಲಿಯೇ, ನೆಲಕ್ಕೆ ತಾಗಿಸಿ ಎಳೆದು, ಅದರಡಿಯಲ್ಲಿ ಒಂದು ಬಹುವಾರ್ಷಿಕ ತೆಂಡೆಯ ಬುಡದಿಂದ ಮುಂದಿನದರ ಬುಡಕ್ಕೆ ಇರುವ ಅಂತರಗಳನ್ನು ಬರೆದುಕೊಳ್ಳಿ. ಪ್ರತಿ ವರ್ಷ ಮೇ ತಿಂಗಳ ಮೊದಲ ಮಳೆಗೆ ಮುನ್ನ, ಅದೇ ಜಾಗದಲ್ಲಿ, ಅದೇ ದಿಕ್ಕಿನಲ್ಲಿ ಅಳೆಯಿರಿ. ಜೊತೆಗೆ ಊರಿನ ಶಾಲೆಯಲ್ಲಿಯೋ ಪಂಚಾಯಿತಿಯಲ್ಲಿಯೋ ಒಂದು ಮಳೆಮಾಪಕವಿಟ್ಟು ದಿನದ ಮಳೆಯನ್ನು ದಾಖಲಿಸಿ, ಪ್ರ‍ತಿ ಎರಡು ಮಳೆಗಳ ನಡುವಿನ ಬಿಡುವಿನ ದಿನಗಳನ್ನೂ ಬರೆದಿಡಿ. ಮೂರು ನಾಲ್ಕು ವರ್ಷಗಳಲ್ಲಿ ಒಂದು ಮೀಟರಿಗಿಂತ ಉದ್ದದ ಬೋಳು ಅಂತರಗಳು ಕಡಿಮೆಯಾಗುತ್ತಾ ಬಂದರೆ, ಆ ಅವಧಿಯಲ್ಲಿ ಮಳೆ ಹೇಗೇ ಇದ್ದಿರಲಿ, ನಿಮ್ಮ ಕೆಲಸ ಸರಿಯಾದ ದಿಕ್ಕಿನಲ್ಲಿದೆ ಎಂದು ತಿಳಿಯಬಹುದು. ಅಂತರಗಳು ಬೆಳೆಯುತ್ತಲೇ ಇದ್ದರೆ ಮೇಯಿಸುವಿಕೆಯ ಬಿಡುವನ್ನು ಹೆಚ್ಚಿಸಿ, ಕೊಂಬೆಗಳ ಸಾಲುಗಳನ್ನು ಇನ್ನಷ್ಟು ಹತ್ತಿರಕ್ಕೆ ತನ್ನಿ.